ಒಂದೇ ಒಂದು ಟಿಕ್

ನಲವತ್ತು ದಾಟಿದ ಮೇಲೆ ಕೆಲವರಿಗೆ ಸಾವಯವ ಕೃಷಿಯ ಹುಚ್ಚು ಹಿಡಿಯುತ್ತದೆ, ಕೆಲವರಿಗೆ ಮ್ಯಾರಥಾನಿನದು. ನನಗೆ ಹಿಡಿದದ್ದು ಸ್ವಂತದ್ದೊಂದು ಆಪರೇಟಿಂಗ್ ಸಿಸ್ಟಮ್ ಬರೆಯುವ ಹುಚ್ಚು. ಯಾರೂ ಕೇಳಿರಲಿಲ್ಲ. ಪರದೆಯ ಮೇಲೆ ನನ್ನ ಹೆಸರು ಮೂಡಿಸುವಷ್ಟರಲ್ಲೇ ಎರಡು ತಿಂಗಳು ಹೋಗಿದ್ದವು. ಮುಂದಿನದು ಟೈಮರ್.

ಟೈಮರ್ ಇಲ್ಲದ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಒಂದು ಪ್ರೋಗ್ರಾಮ್ ಕೂತಿತೆಂದರೆ ಮುಗಿಯಿತು, ಮದುವೆಮನೆಯ ಮೊದಲ ಪಂಕ್ತಿಯವರ ಹಾಗೆ ಏಳುವುದೇ ಇಲ್ಲ. ಅದಕ್ಕೇ ಒಂದು ಚಿಪ್ ಆಗಾಗ ಪ್ರೊಸೆಸರಿನ ಭುಜ ತಟ್ಟುತ್ತಿರಬೇಕು. ಅದೇ ಟೈಮರ್ ಇಂಟರಪ್ಟ್. ಹಳೆಯ ಪಿಸಿಗಳಲ್ಲಿ ಈ ಕೆಲಸ 8253 ಎಂಬ ಚಿಪ್ಪಿನದು. ಅದಕ್ಕೆ ಸಿಗುವ ಮಿಡಿತ ಸೆಕೆಂಡಿಗೆ ಸುಮಾರು 11,93,182. ಇದೆಂಥ ಅಡ್ಡಾದಿಡ್ಡಿ ಲೆಕ್ಕ ಅಂತೀರಾ? 1981ರ ಐಬಿಎಂ ಪಿಸಿಯಲ್ಲಿ ಅಮೆರಿಕದ ಕಲರ್ ಟಿವಿಗೆ ಹೊಂದುವ ಒಂದೇ ಹರಳಿನ ಮಿಡಿತವನ್ನು ಎಲ್ಲರಿಗೂ ಬಡಿಸಿದರು. ಪ್ರೊಸೆಸರಿಗೆ ಮೂರರಲ್ಲೊಂದು ಪಾಲು, ಟೈಮರಿಗೆ ಹನ್ನೆರಡರಲ್ಲೊಂದು. ಒಂದೇ ಸೀರೆಯಲ್ಲಿ ಪರದೆ, ದಿಂಬಿನ ಕವರು ಎಲ್ಲ ಹೊಲಿದುಕೊಂಡ ಸಂಸಾರ! 11,932 ಮಿಡಿತಕ್ಕೊಮ್ಮೆ ತಟ್ಟು ಅಂದರೆ ಸೆಕೆಂಡಿಗೆ ನೂರು ಟಿಕ್. ನಾನು ಹಾಗೇ ಹೇಳಿದ್ದೆ.

ಭಾನುವಾರ ಬೆಳಿಗ್ಗೆ. ಹೆಂಡತಿ ಹಪ್ಪಳ ಒಣಹಾಕಲು ತಾರಸಿಗೆ ಹೊರಟವಳು, "ರೀ, ಬೇಳೆ ಇಟ್ಟಿದೀನಿ, ಮೂರು ಕೂಗು ಆದ್ಮೇಲೆ ಆಫ್ ಮಾಡಿ" ಅಂದಳು. ಅಂದಿರಬೇಕು.

ಆಗ ನನ್ನ ಪರದೆಯ ಮೇಲೆ 'ಡಬಲ್ ಫಾಲ್ಟ್' ಎಂದಿತ್ತು. ಪ್ರೊಸೆಸರಿನ ಭಾಷೆಯಲ್ಲಿ ಇದು ಮಹಾ ಅನಾಹುತ. ನಡೆದದ್ದು ಇಷ್ಟೆ: ಇಂಟೆಲ್‌ನವರು ಇಂಟರಪ್ಟ್‌ಗಳ ಮೊದಲ 32 ನಂಬರುಗಳನ್ನು ತಮಗೇ ಕಾದಿರಿಸಿಕೊಂಡು 8ನ್ನು ಡಬಲ್ ಫಾಲ್ಟಿಗೆ ಕೊಟ್ಟಿದ್ದಾರೆ. ಐಬಿಎಂನವರು ಅದೇ 8ನ್ನು ಟೈಮರಿಗೂ ಕೊಟ್ಟುಬಿಟ್ಟರು. ಎರಡು ಮನೆಗೆ ಒಂದೇ ಡೋರ್ ನಂಬರ್. ಹಾಲಿನವನು ಬೆಲ್ ಒತ್ತಿದರೆ ಒಳಗಿದ್ದವರು ಪೊಲೀಸರು ಬಂದರೆಂದು ಹೌಹಾರುತ್ತಾರೆ. ಟೈಮರಿನ ವಿಳಾಸವನ್ನು 32ಕ್ಕೆ ಬದಲಾಯಿಸಿದೆ. ಗಾಬರಿ ನಿಂತಿತು.

ಪರದೆಯ ಮೇಲೆ 'ಟಿಕ್' ಎಂದು ಬಂತು.

ಒಂದೇ ಒಂದು. ಆಮೇಲೆ ಸ್ಮಶಾನಮೌನ. ಸ್ಟ್ಯಾಕ್ ನೋಡಿದೆ, ಭಾಗಾಕಾರ ನೋಡಿದೆ, ಇಂಟರಪ್ಟ್‌ಗಳ ಬಾಗಿಲು ತೆರೆದಿದೆಯೇ ಎಂದು ನಾಲ್ಕು ಸಲ ನೋಡಿದೆ. ಕೀಬೋರ್ಡ್ ಕೂಡ ಮಿಸುಕುತ್ತಿಲ್ಲ. ಎಲ್ಲ ಸರಿಯಿದ್ದೂ ನಡೆಯದಿರುವುದು ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಎಂದುಕೊಂಡಿದ್ದೆ.

ಹಿಂದಿನಿಂದ ದನಿ ಬಂತು. "ಹೇಳಿ ಹೋದ್ರೆ ಆಯ್ತು ಅನ್ನೋಕೆ ಏನ್ರೀ ಕಷ್ಟ? ನೀವು ಆಯ್ತು ಅನ್ನದೇ ಇದ್ರೆ ಇನ್ನೊಂದ್ ಸಲ ನಾನಂತೂ ಹೇಳೋದಿಲ್ಲ!"

ದಿಗ್ಗನೆ ಎದ್ದೆ. ಅಡುಗೆಮನೆಗಲ್ಲ. ಎದ್ದವನು ಮತ್ತೆ ಅಲ್ಲೇ ಕೂತೆ.

ಇಂಟರಪ್ಟ್‌ಗಳನ್ನು ಒಳಗೆ ಬಿಡುವ 8259 ಎಂಬ ಚಿಪ್ಪು ಹಳೇ ಕಾಲದ ಗುಮಾಸ್ತ. ಒಂದು ಫೈಲು ತಂದಿಟ್ಟರೆ, ಅದು ವಿಲೇವಾರಿಯಾಯಿತೆಂದು ನೀವು ಬಾಯಿಬಿಟ್ಟು ಹೇಳುವವರೆಗೆ ಅದೇ ದರ್ಜೆಯದನ್ನಾಗಲಿ, ಕೆಳಗಿನದನ್ನಾಗಲಿ ತರುವುದಿಲ್ಲ. ಟೈಮರ್ ಎಲ್ಲರಿಗಿಂತ ಮೇಲಿನ ದರ್ಜೆಯದು. ಹಾಗಾಗಿ ಪಾಪದ ಕೀಬೋರ್ಡೂ ಹೊರಗೇ ನಿಂತಿತ್ತು. ಪ್ರತಿ ಟಿಕ್ಕಿನ ಕೊನೆಗೆ 32ನೇ ಪೋರ್ಟಿಗೆ 32 ಎಂಬ ಸಂಖ್ಯೆ ಬರೆಯಬೇಕು. (ಮೇಲೆ ಹೇಳಿದ 32ಕ್ಕೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಇವರ ಕುಲಕಸುಬು.) ಅದರ ಅರ್ಥವನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು: ಆಯ್ತು.

ಒಂದು ಸಾಲು ಸೇರಿಸಿದೆ. ನೂರು, ಇನ್ನೂರು, ಮುನ್ನೂರು... ಟಿಕ್ಕುಗಳ ಎಣಿಕೆ ಕಣ್ಣೆದುರೇ ಓಡತೊಡಗಿತು. ಕುಕ್ಕರ್ ಎಷ್ಟು ಸಲ ಕೂಗಿತ್ತೋ, ಅದನ್ನು ಮಾತ್ರ ಎಣಿಸಿದವರಿಲ್ಲ.

ಆ ಮಧ್ಯಾಹ್ನ ಮಜ್ಜಿಗೆ ಅನ್ನ ಉಂಡೆವು. ಕುಕ್ಕರಿನ ತಳಕ್ಕೆ ಹತ್ತಿದ ಬೇಳೆಯನ್ನು ಕೆರೆದು ತೊಳೆದದ್ದು ನಾನೇ.