ಅರವತ್ಮೂರರ ಹೈದ

ಅರವತ್ತು ತುಂಬಿದ ಗಂಡಸರಿಗೆ ರೈಲು ಟಿಕೆಟ್ಟಿನಲ್ಲಿ ಶೇ 40 ರಿಯಾಯಿತಿ ಇತ್ತು. 2020ರ ಮಾರ್ಚಿನಲ್ಲಿ ಅದು ನಿಂತಿತು. ನನಗೆ ಅರವತ್ತು ತುಂಬಿದ್ದು ಮರುವರ್ಷ. ಇನ್ನು ಉಳಿದ ಲಾಭವೆಂದರೆ ಬ್ಯಾಂಕಿನವರು ಎಫ್‌ಡಿಗೆ ಕೊಡುವ ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿ. ಅಷ್ಟು ಚಿಲ್ಲರೆ ಕಾಸಿಗೆ ಯಾರು ಮುದುಕರಾಗುತ್ತಾರೆ? ಯುವಕನಾಗಿಯೇ ಉಳಿಯುವುದೆಂದು ತೀರ್ಮಾನಿಸಿದೆ. ಬಡ್ಡಿಯನ್ನೂ ಬಿಡಲಿಲ್ಲ ಅನ್ನಿ.

ಮೊದಲು ತಲೆಗೆ ಬಣ್ಣ ಬಿತ್ತು. ಪೊಟ್ಟಣದ ಮೇಲೆ ‘ಸಹಜ ಕಪ್ಪು’ ಎಂದಿತ್ತು. ಅಷ್ಟು ಕಪ್ಪು ನನ್ನ ಕೂದಲು ಹುಟ್ಟಿದಾಗಲೂ ಇರಲಿಲ್ಲ. “ತಲೆ ಮೂವತ್ತರದ್ದು, ಸರಿ. ಮುಖ ಯಾರದ್ದು?” ಎಂದು ಕೇಳಿ ನನ್ನಾಕೆ ಕಾಫಿ ಲೋಟ ಇಟ್ಟು ಹೋದಳು. ಬಣ್ಣ ತಲೆಗಿಂತ ದಿಂಬಿನ ಕವರಿಗೇ ಚೆನ್ನಾಗಿ ಹಿಡಿಯಿತು.

ಜಿಮ್ಮಿಗೂ ಸೇರಿದೆ. ಟ್ರೇನರ್ ಹುಡುಗ “ಅಂಕಲ್, ಸ್ಕ್ವಾಟ್ ಮಾಡಿ” ಎಂದ. ಎರಡು ಮಾಡುವಷ್ಟರಲ್ಲಿ ಗೊತ್ತಾಯಿತು, ಇದು ಬಸ್ಕಿ! ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು ದಿನಾ ಇಪ್ಪತ್ತು ಬಿಟ್ಟಿಯಾಗಿ ಮಾಡಿಸುತ್ತಿದ್ದುದಕ್ಕೆ ಈಗ ತಿಂಗಳಿಗೆ ಸಾವಿರದೈನೂರು. ವಯಸ್ಸಾಗುತ್ತಾ ಮಾಂಸಖಂಡ ಸವೆಯುತ್ತದೆ, ತೊಡೆಯ ಬಲ ಹೋದವರು ಕೈ ಊರದೆ ಕುರ್ಚಿಯಿಂದ ಏಳಲಾರರು ಎಂದು ಹುಡುಗ ತಿಳಿಹೇಳಿದ. ಮಾತು ಸುಳ್ಳಲ್ಲ. ಅವನು ಹೇಳುವಾಗ ನಾನು ಕೈ ಊರಿಯೇ ಏಳುತ್ತಿದ್ದೆ.

ಇದನ್ನೆಲ್ಲ ನೋಡಿ ಮಗ ಕೈಗೊಂದು ವಾಚು ಕಟ್ಟಿದ. ಅದಕ್ಕೆ ದಿನಕ್ಕೆ 10,000 ಹೆಜ್ಜೆ ಒಪ್ಪಿಸಬೇಕು. ಈ ಹತ್ತು ಸಾವಿರವನ್ನು ಯಾರೋ ದೊಡ್ಡ ವೈದ್ಯರು ಲೆಕ್ಕ ಹಾಕಿ ಹೇಳಿದ್ದೆಂದು ನಂಬಿದ್ದೆ. ಆಮೇಲೆ ಓದಿದರೆ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟು ಅದಕ್ಕಿಟ್ಟ ಹೆಸರು ‘ಮಾಂಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರಿನಲ್ಲಿದ್ದ ಸಂಖ್ಯೆಯೇ ಊರೂರು ತಿರುಗಿ ಆರೋಗ್ಯದ ಸೂತ್ರವಾಗಿಬಿಟ್ಟಿದೆ. ಯಾವುದೋ ಕಾಲದ ಜಾಹೀರಾತಿನ ಬಾಕಿ ತೀರಿಸಲು ನಾನು ರಾತ್ರಿ ಹತ್ತು ಗಂಟೆಗೆ ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಡುಮನೆಗೆ ತಿರುಗುತ್ತಿದ್ದೆ.

ಮನೆಯೊಳಗೆ ತಿರುಗಿ ಬೇಸತ್ತು ಒಂದು ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೊರಟೆ. ಸುಮಾರು ಸಾವಿರ ಮೆಟ್ಟಿಲು. 17ನೇ ಶತಮಾನದಲ್ಲಿ ಕಟ್ಟಿಸಿದವರು ದೊಡ್ಡದೇವರಾಜ ಒಡೆಯರು. ಅವರಿಗೆ ನನ್ನ ಮೇಲೆ ದ್ವೇಷವಿರಲು ಕಾರಣವಿಲ್ಲ, ಆದರೂ ಮುನ್ನೂರು ದಾಟುವಷ್ಟರಲ್ಲಿ ಆ ಅನುಮಾನ ಬಂತು. ಮೂರನೇ ಸಲ ಕೂತೆ.

“ಕಾಲ್ ಎತ್ತು ಮಗಾ, ಕುಂಕ್ಮ ಇಡ್ಬೇಕು.”

ಎಪ್ಪತ್ತೈದು ದಾಟಿದ ಅಜ್ಜಿ. ಬರಿಗಾಲು, ನೆರೆತ ತುರುಬು, ಕೈಯಲ್ಲಿ ಸ್ಟೀಲ್ ತಟ್ಟೆ. ಕುಕ್ಕರಗಾಲಲ್ಲಿ ಕೂರುವುದು, ಅರಿಶಿನ ಬಳಿಯುವುದು, ಕುಂಕುಮ ಇಡುವುದು, ಏಳುವುದು, ಇನ್ನೊಂದು ಮೆಟ್ಟಿಲು. ಮೊಮ್ಮಗನಿಗೆ ಹೊತ್ತ ಹರಕೆಯಂತೆ. ಅಂದರೆ ಬುಡದಿಂದ ಇಲ್ಲಿಗೆ ಮುನ್ನೂರು ಬಸ್ಕಿ ಮುಗಿದಿದ್ದವು, ಏಳುನೂರು ಬಾಕಿ. ಒಮ್ಮೆಯೂ ಕೈ ಊರಿದ್ದನ್ನು ನಾನು ಕಾಣೆ.

“ಅದೇನ್ ಮಗಾ, ಕತ್ತಲ್ಲಿ ಮಸಿ ಇಳೀತಾ ಅದೆ?”

ಮುಟ್ಟಿ ನೋಡಿಕೊಂಡೆ. ಸಹಜ ಕಪ್ಪು.

“ತಲೆ ಬಣ್ಣ, ಅಜ್ಜಿ.”

“ಎಷ್ಟ್ ವರ್ಸ ನಿಂಗೆ?”

“ಅರವತ್ಮೂರು.”

“ಇನ್ನೂ ಹೈದ ಕಣಪ್ಪ ನೀನು. ನಿಂಗ್ಯಾಕೆ ಬಣ್ಣ?”

ಬಣ್ಣ, ಜಿಮ್ಮು, ವಾಚು ಎಲ್ಲಕ್ಕೂ ಸೇರಿ ಸುರಿದ ದುಡ್ಡಿಗೆ ಯಾರ ಬಾಯಲ್ಲೂ ಬಾರದಿದ್ದ ಮಾತು ಬಿಟ್ಟಿ ಸಿಕ್ಕಿತು. ತಟ್ಟನೆ ಎದ್ದು ನಿಂತೆ. ಎದ್ದದ್ದೇ ತಪ್ಪಾಯಿತು, “ಹಂಗಾರೆ ಇದ ಹಿಡ್ಕೊ” ಎಂದು ಅಜ್ಜಿ ತಟ್ಟೆ ನನ್ನ ಕೈಗಿಟ್ಟಳು. ಅಲ್ಲಿಂದ ಮುಂದೆ ನಾನು ನಿಂತಲ್ಲಿ ನಿಲ್ಲುವಂತಿಲ್ಲ, ಕೂತಲ್ಲಿ ಕೂರುವಂತಿಲ್ಲ. ಅವಳಿಗೆ ಒಂದೂವರೆ ಎಕರೆ ಹೊಲ, ಎರಡು ಎಮ್ಮೆ, ಮಾತು ಕೇಳದ ಒಬ್ಬ ಮಗ. ಏನೋ ಗುಟ್ಟು ಸಿಗುತ್ತದೆಂದು “ಏನು ತಿಂತೀರಿ ಅಜ್ಜಿ?” ಎಂದು ಕೇಳಿದೆ.

“ಇದ್ದುದ್ನ” ಎಂದಳು.

ಏಳುನೂರರ ಆಸುಪಾಸಿನಲ್ಲಿ ದೊಡ್ಡ ನಂದಿ. ಒಂದೇ ಕಲ್ಲಿನದು, ಹದಿನೈದಡಿಗೂ ಎತ್ತರ. ಮುನ್ನೂರೈವತ್ತು ವರ್ಷದಿಂದ ಕೂತಲ್ಲೇ ಕೂತಿದೆ, ಒಂದು ಹೆಜ್ಜೆ ಇಟ್ಟಿಲ್ಲ, ಮಂಡಿನೋವಿನ ದೂರಿಲ್ಲ. ಅದರ ಕಪ್ಪು ಬೆವರಿಗೆ ಇಳಿಯುವಂಥದ್ದೂ ಅಲ್ಲ. ಅಸೂಯೆಯಿಂದ ಕೈಮುಗಿಯಲು ನಿಂತಾಗಲೇ ವಾಚು ಗುಂಯ್ ಎಂದಿತು. ತಟ್ಟೆ ಹಿಡಿದ ಕೈ ಬೀಸದಿದ್ದರೆ ಅದಕ್ಕೆ ಹೆಜ್ಜೆಯ ಲೆಕ್ಕ ಸಿಗುವುದಿಲ್ಲವಂತೆ. ನಾನು ಬಹಳ ಹೊತ್ತಿನಿಂದ ಸುಮ್ಮನೆ ಕೂತಿದ್ದೇನೆ, ಎದ್ದು ಸ್ವಲ್ಪ ಓಡಾಡಬೇಕು ಎಂದು ಬುದ್ಧಿ ಹೇಳಿತು. ಬಿಚ್ಚಿ ಜೇಬಿಗೆ ಹಾಕಿದೆ.

ಕೊನೆಯ ಮೆಟ್ಟಿಲಿಗೆ ಕುಂಕುಮ ಇಟ್ಟು, ಮಿಕ್ಕಿದ್ದನ್ನು ನನ್ನ ಹಣೆಗೂ ಹಚ್ಚಿ, “ಮದ್ಯಾನುಕ್ಕೆ ಎಮ್ಮೆಗೆ ಹುಲ್ಲಾಕ್ಬೇಕು ಮಗಾ” ಎಂದು ಅಜ್ಜಿ ದರ್ಶನಕ್ಕೆ ನಡೆದಳು. ತಾಯಿಗೆ ಕೈಮುಗಿದು ಬಂದವಳೇ ಮೆಟ್ಟಿಲಲ್ಲೇ ಇಳಿದು ಹೋದಳು.

ಹೈದ ಇಳಿದದ್ದು ಸಿಟಿ ಬಸ್ಸಿನಲ್ಲಿ, ಹಿರಿಯ ನಾಗರಿಕರ ಸೀಟಿನಲ್ಲಿ ಕೂತು.