ಆನೆಕೊಂಡದ ಕತ್ತಲೆ ಕವಿ

ಕತ್ತಲೆ ಕವಿ ದಾವಣಗೆರೆಯ ಹಳೆಯ ಬಡಾವಣೆಗಳಲ್ಲಿ ಕಾಣಸಿಗುವ ಒಂದು ತಳಿ. ಆನೆಕೊಂಡದಲ್ಲಿ ಇದರ ಬೆಳೆ ಸೊಂಪು. ವಯಸ್ಸು ಹತ್ತೊಂಬತ್ತರಿಂದ ಇಪ್ಪತ್ತಾರು. ಹಗಲು ಇಂಜಿನಿಯರಿಂಗ್ ಕಾಲೇಜು, ಇಲ್ಲವೇ ಸೋದರಮಾವನ ಅಂಗಡಿ, ರಾತ್ರಿ ಕಾವ್ಯ. ಏಪ್ರಿಲ್ ಬಿಸಿಲಲ್ಲೂ ಕಪ್ಪು ಅಂಗಿ, ಅದರ ಬೆನ್ನ ಮೇಲೆ ಬೆವರು ಒಣಗಿದ ಬಿಳಿ ಗೆರೆ. ಕಾವ್ಯನಾಮ ‘ನಿಶಾಚರ’ ಅಥವಾ ‘ತಮಸ್’. ಮನೆಯಲ್ಲಿ ಕರೆಯುವುದು ಬಸು ಎಂದು.

ಈ ತಳಿಯ ಬೀಜ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಹೊರೇಸ್ ವಾಲ್‌ಪೋಲ್ 1764ರಲ್ಲಿ ದೆವ್ವ ಹೊಕ್ಕ ಕೋಟೆಯ ಕಾದಂಬರಿ ಬರೆದು ಗಾಥಿಕ್ ಸಾಹಿತ್ಯ ಶುರು ಮಾಡಿದ. 1845ರಲ್ಲಿ ಅಮೆರಿಕದ ಎಡ್ಗರ್ ಅಲನ್ ಪೋ ಒಂದು ಕಾಡುಕಾಗೆಯನ್ನು ಕವಿತೆಯೊಳಗೆ ತಂದು ಕೂರಿಸಿದ. ಮರುವರ್ಷ, ಅದನ್ನು ಗಣಿತದ ಲೆಕ್ಕ ಬಿಡಿಸಿದಂತೆ ಹಂತಹಂತವಾಗಿ ಕಟ್ಟಿದೆನೆಂದು ಪ್ರಬಂಧವನ್ನೂ ಬರೆದ. ಆನೆಕೊಂಡದ ಹುಡುಗ ಕೆಟ್ಟಿದ್ದು ಈ ಪ್ರಬಂಧದಿಂದ. ಸಾಮಗ್ರಿ ಹೊಂದಿಸಿದರೆ ಕವಿತೆ ತಾನೇ ಆಗುತ್ತದೆಂದು ಅವನು ನಂಬಿಬಿಟ್ಟ. ಬೇಕಾದದ್ದು ಮಂಜು, ಹಾಳು ಕೋಟೆ, ಕಾಗೆ, ತೀರಿಹೋದ ಪ್ರೇಯಸಿ.

ತೊಡಕು ಸಾಮಗ್ರಿಯದೇ. ದಾವಣಗೆರೆಯಲ್ಲಿ ಮಂಜಿಗೆ ಹತ್ತಿರವಾದದ್ದು ಮಂಡಕ್ಕಿ ಭಟ್ಟಿಯ ಹೊಗೆ. ಅದನ್ನು ನೋಡಿದರೆ ಮರಣದ ನೆನಪಾಗುವುದಿಲ್ಲ, ಮಿರ್ಚಿಯ ನೆನಪಾಗುತ್ತದೆ. ಕೋಟೆಗೆಂದು ಉಚ್ಚಂಗಿದುರ್ಗಕ್ಕೆ ಹೋದರೆ ಭರತ ಹುಣ್ಣಿಮೆ ಜಾತ್ರೆಯ ಜನ. ಹರಿಹರದ ತುಂಗಭದ್ರೆಯ ದಡದಲ್ಲಿ ಸಂಜೆ ಒಂಟಿಯಾಗಿ ಕೂತವನನ್ನು ಯಾರೂ ಒಂಟಿಯಾಗಿ ಬಿಡುವುದಿಲ್ಲ. ಯಾವೂರು, ಯಾರ ಮಗ ಎಂದು ವಿಚಾರಿಸುತ್ತಾರೆ. ಕಾಗೆಯ ಮೇಲೆ ಬರೆದದ್ದನ್ನು ಓದಿದರೆ ಅಜ್ಜಿ, ಯಾರು ನೆಂಟರು ಬರುತ್ತಾರೋ ಎಂದು ಅಕ್ಕಿ ಅಳೆಯಲು ಏಳುತ್ತಾಳೆ. ತೀರಿಹೋದ ಪ್ರೇಯಸಿಯಂತೂ ಬಿ.ಕಾಂ. ಎರಡನೇ ವರ್ಷದಲ್ಲಿ ಗಟ್ಟಿಮುಟ್ಟಾಗಿದ್ದಾಳೆ; ಎರಡನೇ ಚರಣದಲ್ಲೇ ತನ್ನನ್ನು ಯಾಕೆ ಸಾಯಿಸಿದ್ದು ಎಂದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುತ್ತಾಳೆ.

ಕವಿಯ ಒಂದು ರಾತ್ರಿ ಹೇಗೆ ಕಳೆಯುತ್ತದೆಂಬುದನ್ನು ಕಂಪ್ಯೂಟರಿನ ಅಕ್ಷರದಾಟ ಬಲ್ಲವರು ಬೇಗ ಗ್ರಹಿಸುತ್ತಾರೆ. 1977ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾದ ಜೋರ್ಕ್‌ನಂಥ ಆಟಗಳಲ್ಲಿ ಚಿತ್ರವೇ ಇರಲಿಲ್ಲ. ‘ಬಾಗಿಲು ತೆರೆ’ ಎಂದು ಆಡುವವನು ಟೈಪ್ ಮಾಡಬೇಕು, ಏನಾಯಿತೆಂದು ಆಟ ಬರಹದಲ್ಲೇ ಹೇಳಬೇಕು. ಎಷ್ಟೋ ಸಲ ಅದು ಹೇಳುವುದು, ಆಗುವುದಿಲ್ಲ ಎಂದೇ. ಆನೆಕೊಂಡದಲ್ಲಿ ಅಪ್ಪಣೆ ಕವಿಯದು, ಉತ್ತರ ಅಡುಗೆಮನೆಯಿಂದ. ದೀಪ ಆರಿಸು: “ಕತ್ತಲಾಗೆ ಯಾಕ್ ಕುಂತೀಯೋ, ಲೈಟ್ ಹಾಕ್ಕಳಪ್ಪ.” ಮೇಣದಬತ್ತಿ ಹಚ್ಚು: “ಕರೆಂಟ್ ಐತಲ್ಲೋ!” ನಿಟ್ಟುಸಿರು ಬಿಡು: “ಗ್ಯಾಸ್ ಆಗಿರ್ಬೇಕು, ಒಂಚೂರು ಓಂಕಾಳು ತಿನ್ನು.” ಸಾವಿನ ಸಾಲೊಂದನ್ನು ಜೋರಾಗಿ ಓದು: “ಬಿಡ್ತು ಅನ್ನು!” ಅಷ್ಟರಲ್ಲಿ ಗೆಳೆಯನ ಫೋನು: “ಬೆಣ್ಣೆ ದೋಸೆಗೆ ಹೋಗಾಣ, ಬರ್ತೀಯೇನ್ಲೇ?” ಅಲ್ಲಿಗೆ ಆ ರಾತ್ರಿಯ ಆಟ ಮುಗಿಯಿತು.

ಕನ್ನಡದಲ್ಲಿ ಭಯಾನಕಕ್ಕೆ ಬರವಿಲ್ಲ. ರನ್ನನ ದುರ್ಯೋಧನ ಹೆಣಗಳ ನಡುವೆ ದಾರಿ ಹುಡುಕುತ್ತ ಮರುಳುಗಳ ಕೈಗೆ ಸಿಗುತ್ತಾನೆ. 1209ರಲ್ಲಿ ಜನ್ನ ಮುಗಿಸಿದ ‘ಯಶೋಧರ ಚರಿತೆ’ಯ ಮಾರಿಗುಡಿಯ ಮುಂದೆ ವಾಲ್‌ಪೋಲನ ಕೋಟೆ ಮಕ್ಕಳಾಟ. ರಾಘವಾಂಕನಲ್ಲಿ ರಾಜನೇ ಸ್ಮಶಾನ ಕಾಯುತ್ತಾನೆ. ಆದರೆ ಕತ್ತಲೆ ಕವಿ ಇವರನ್ನೆಲ್ಲ ಭೇಟಿಯಾದದ್ದು ಪರೀಕ್ಷೆಯಲ್ಲಿ, ‘ಸಂದರ್ಭ ಸಹಿತ ವಿವರಿಸಿ’ ಎಂಬ ಪ್ರಶ್ನೆಯಾಗಿ. ಆ ಭಯ ಬೇರೆ ತರಹದ್ದು.

ಊರಿನ ಕಥೆಯೂ ಅವನ ಕಣ್ಣಿಗೆ ಬಿದ್ದಿಲ್ಲ. ಒಂದು ಕಾಲಕ್ಕೆ ಆನೆಕೊಂಡವೇ ದೊಡ್ಡ ಊರು, ದಾವಣಗೆರೆ ಅದರ ಮಗ್ಗುಲಿನ ಹಳ್ಳಿ. ಹೈದರಾಲಿಯ ಕಾಲದಲ್ಲಿ ದಾವಣಗೆರೆ ಜಹಗೀರಾಗಿ ಮರಾಠ ಸರದಾರನೊಬ್ಬನಿಗೆ ಸೇರಿತು, ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಹಳ್ಳಿ ಪೇಟೆಯಾಯಿತು, ಪೇಟೆ ಬೆಳೆದು ತಾಯೂರನ್ನೇ ನುಂಗಿ ಒಂದು ಬಡಾವಣೆ ಮಾಡಿಕೊಂಡಿತು. ಇದಕ್ಕಿಂತ ಘೋರ ವಸ್ತು ರಕ್ತಪಿಶಾಚಿ ಕಥೆಗಳ ಟ್ರಾನ್ಸಿಲ್ವೇನಿಯಾದಲ್ಲೂ ಸಿಗಲಾರದು. ಕವಿ ಮಾತ್ರ ಟ್ರಾನ್ಸಿಲ್ವೇನಿಯಾದ ಮೇಲೆಯೇ ಬರೆಯುತ್ತಾನೆ.

ಅವನ ನಿಜವಾದ ಎದುರಾಳಿ ಕಾರ್ಣಿಕ, ಅಂದರೆ ದೇವರ ಹೆಸರಲ್ಲಿ ನುಡಿಯುವ ಭವಿಷ್ಯವಾಣಿ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದು ಸಾಲಿಗೆ, ಆನೆಕೊಂಡದ ಬಸವೇಶ್ವರನ ಕಾರ್ಣಿಕದ ಒಂದು ಸಾಲಿಗೆ ಮಳೆ, ಬೆಳೆ, ರಾಜಕೀಯವನ್ನೆಲ್ಲ ಹೊಂದಿಸಿ ಜನ ತಿಂಗಳುಗಟ್ಟಲೆ ಅರ್ಥ ಹೇಳುತ್ತಾರೆ. ಅಷ್ಟೇ ನಿಗೂಢವಾಗಿರುವ ಕವಿಯ ತೊಂಬತ್ತು ಸಾಲಿಗೆ ವಾಟ್ಸಾಪ್ ಗುಂಪಿನಲ್ಲಿ ಬರುವುದು ಒಂದು ಹೆಬ್ಬೆರಳು, ಅದೂ ಸೋದರಮಾವನದು.

ಮೂವತ್ತು ದಾಟಿದ ಮೇಲೆ ತಳಿ ಎರಡು ಕವಲಾಗುತ್ತದೆ. ಒಂದು ಬೆಂಗಳೂರು ಸೇರಿ ಬರೆಯುವುದನ್ನು ಬಿಡುತ್ತದೆ. ಊರಲ್ಲೇ ಉಳಿದದ್ದು ಫ್ಲೆಕ್ಸ್ ಅಂಗಡಿಗೆ ಪುಣ್ಯಸ್ಮರಣೆಯ ಪದ್ಯ ಬರೆದುಕೊಡುತ್ತದೆ. ಆರಿದ ದೀಪ, ಬರಿದಾದ ಕುರ್ಚಿ, ಮುಗಿಯದ ಇರುಳು ಎಲ್ಲಕ್ಕೂ ಅಲ್ಲಿ ಗಿರಾಕಿಗಳಿದ್ದಾರೆ. ನಾಲ್ಕು ಸಾಲು ಮೀರಬಾರದು, ಕೆಳಗೆ ಒಬ್ಬ ಮೊಮ್ಮಗನ ಹೆಸರೂ ಬಿಟ್ಟುಹೋಗಬಾರದು, ಷರತ್ತು ಇಷ್ಟೇ.