ಮಿರ್ಚಿಯ ಮೇಲಿನ ಅಪವಾದ

ಬಳ್ಳಾರಿಯಲ್ಲಿ ಹೊಟ್ಟೆ ಉರಿಯುತ್ತದೆಂದು ಬಾಯಿ ಬಿಟ್ಟು ನೋಡಿ. ಎದುರಿಗಿದ್ದವರು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ತೀರ್ಪು ಕೊಟ್ಟಿರುತ್ತಾರೆ: ‘ಮಿರ್ಚಿ ಬಿಡ್ರಿ.’ ಹೀಗೆ ಹೇಳುವವರ ಕೈಯಲ್ಲೇ ಒಗ್ಗರಣಿ ಮಂಡಕ್ಕಿಯ ಪೊಟ್ಟಣ, ಅದರ ಮೇಲೆರಡು ಬಿಸಿ ಮಿರ್ಚಿ ಇರುವುದೂ ಉಂಟು.

ಸಿರುಗುಪ್ಪದ ನಮ್ಮ ಮಾವ ಬಿಟ್ಟರು. ಬಿಟ್ಟ ಸುದ್ದಿ ಬಳಗಕ್ಕೆಲ್ಲ ಮುಟ್ಟುವ ಹಾಗೆ ಬಿಟ್ಟರು. ಮದುವೆ ಊಟದಲ್ಲಿ ಕೆಂಪು ಚಟ್ನಿ ಬಂದರೆ ಎಲೆಗೆ ಎರಡೂ ಕೈ ಅಡ್ಡ ಹಿಡಿದು ‘ಅಲ್ಸರ್ ಐತ್ರಿ’ ಎನ್ನುವ ಅವರ ಗತ್ತು ನೋಡಬೇಕಿತ್ತು. ಬೀಡಿ ಕಟ್ಟು ಮಾತ್ರ ಜೇಬಿನಲ್ಲಿ ಕ್ಷೇಮವಾಗಿತ್ತು. ಭತ್ತದ ಗದ್ದೆಯಲ್ಲಿ ಸವೆದ ಮೊಣಕಾಲಿಗೆ ಮೆಡಿಕಲ್ ಅಂಗಡಿಯ ನೋವಿನ ಗುಳಿಗೆ ಬೇರೆ. ಅದೂ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಚಹಾದ ಜೊತೆ. ‘ಮೊಣಕಾಲಿಗೂ ಹೊಟ್ಟಿಗೂ ಎಲ್ಲಿಯ ಸಂಬಂಧ?’ ಎಂದು ನನ್ನನ್ನೇ ಕೇಳಿದರು.

ಸಂಬಂಧ ಕಟ್ಟಿದ್ದೇ ಆ ಗುಳಿಗೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ನೋವಿನ ಜೊತೆಗೆ ಜಠರದ ಒಳಗೋಡೆಯನ್ನು ಕಾಯುವ ಲೋಳೆಯನ್ನೂ ಕುಗ್ಗಿಸುತ್ತವೆ. ಆಮೇಲೆ ಆಮ್ಲಕ್ಕೆ ದಾರಿ ಸಲೀಸು. ಹೊಗೆ ಎಳೆದರೆ ಆದ ಹುಣ್ಣು ಮಾಯುವುದೂ ತಡ. ಪಾಪದ ಮೆಣಸಿನಕಾಯಿ ಹುಣ್ಣನ್ನು ಹುಟ್ಟಿಸುವುದಿಲ್ಲ. ಇದ್ದವರಲ್ಲಿ ಕೆಲವರಿಗೆ ಉರಿ ಹೆಚ್ಚಿಸೀತು, ಅಷ್ಟೇ. ಅಂಥವರು ಬಿಡಲಿ.

ಇನ್ನೊಬ್ಬ ದೊಡ್ಡ ಆರೋಪಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಅದನ್ನು ಬೆಳೆಸಿ ತೋರಿಸಿದರೂ ವೈದ್ಯಲೋಕ ನಂಬಲಿಲ್ಲ. ಆಮ್ಲದಲ್ಲಿ ಜೀವಿ ಬದುಕುವುದುಂಟೇ! 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕಥೆ ಕೇಳಿದ ಮಾವನಿಗೆ ಸಿಟ್ಟು: ‘ನನಗೊಂದು ಮಿರ್ಚಿ ತಿನ್ನಬ್ಯಾಡ ಅಂತೀರಿ, ಆ ಪುಣ್ಯಾತ್ಮ ಕ್ರಿಮೀನ ಕುಡದು ಬಹುಮಾನ ತಗೊಂಡಾನ!’

ಕುರುಗೋಡಿನ ಅತ್ತೆಯದು ಬೇರೆ ವಾದ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಅನ್ನವುಣ್ಣುವ ದಕ್ಷಿಣದಲ್ಲಿ ಸಣ್ಣಕರುಳಿನ ಹುಣ್ಣು ಹೆಚ್ಚು, ಗೋಧಿಯ ಉತ್ತರದಲ್ಲಿ ಕಡಿಮೆ ಎಂದು ಗುರುತಿಸಿ ಬರೆದಿದ್ದರು. ಇದನ್ನು ನಾನು ಹೇಳಿದ್ದೇ ತಡ, ‘ಅದಕ್ಕ ನಾವು ಜ್ವಾಳದ ರೊಟ್ಟಿ ತಿಂತೀವಿ’ ಎಂದು ಅತ್ತೆ ಗೆದ್ದ ನಗೆ ನಕ್ಕರು. ಟೋವಿ ಜೋಳಕ್ಕೆ ಪ್ರಮಾಣಪತ್ರ ಕೊಟ್ಟಿರಲಿಲ್ಲ, ಅನ್ನ ಬಿಟ್ಟರೆ ಹುಣ್ಣು ಮಾಯುತ್ತದೆಂದೂ ಅಲ್ಲ ಎಂದು ವಿವರಿಸಹೋದೆ. ಕೇಳುವವರು ಯಾರು? ಅವರಾಗಲೇ ಮಾವನಿಗೆ ಒಂದು ಲೋಟ ತಣ್ಣನೆಯ ಹಾಲು ತಂದಿದ್ದರು. ಹಿಂದೆ ವೈದ್ಯರೂ ಅಲ್ಸರಿಗೆ ಗಂಟೆಗೊಮ್ಮೆ ಹಾಲು ಕುಡಿಸುತ್ತಿದ್ದರು. ಗಂಟಲಿಳಿಯುವಾಗ ಹಿತ, ಸ್ವಲ್ಪ ಹೊತ್ತಿಗೆ ಅದೇ ಹಾಲು ಇನ್ನಷ್ಟು ಆಮ್ಲ ಸುರಿಸುತ್ತದೆ.

ಕೊನೆಗೆ ಎಂಡೋಸ್ಕೋಪಿ ಆಯಿತು, ಬ್ಯಾಕ್ಟೀರಿಯಾ ಸಿಕ್ಕಿಬಿತ್ತು. ಎರಡು ವಾರದ ಆ್ಯಂಟಿಬಯಾಟಿಕ್, ಜೊತೆಗೆ ಊಟಕ್ಕೆ ಅರ್ಧ ಗಂಟೆ ಮೊದಲು ಆಮ್ಲ ತಗ್ಗಿಸುವ ಗುಳಿಗೆ. ನಾಲ್ಕಾರು ದಿನಕ್ಕೆ ಉರಿ ಇಳಿದದ್ದೇ ಮಾವ ಮಿಕ್ಕ ಗುಳಿಗೆಗಳನ್ನು ‘ಮುಂದಕ್ಕಾಗ್ತಾವ’ ಎಂದು ಡಬ್ಬಿಗೆ ಸೇರಿಸಹೊರಟರು. ಅತ್ತೆ ಬಿಡಲಿಲ್ಲ, ದಿನಾ ಫೋನು ಮಾಡಿ ಎದುರಿಗೇ ನುಂಗಿಸಿದಷ್ಟು ಜುಲುಮೆ ಮಾಡಿದರು. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದಂತಾಗುತ್ತದೆ. ಹೊಟ್ಟೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದ ನಿಜವಾದ ಚಿಕಿತ್ಸೆ ಅತ್ತೆಯ ಆ ಫೋನೇ ಎಂಬುದು ನನ್ನ ಅಭಿಪ್ರಾಯ. ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಮಾತುಕತೆ ನಡೆದಿದೆ.

ಓದುಗರಲ್ಲಿ ಒಂದು ಬಿನ್ನಹ. ಮಂಡಿನೋವಿಗೆ ಗುಳಿಗೆ ಕೊಳ್ಳುವ ಮೊದಲು ಹೊಟ್ಟೆಯ ಕಥೆಯನ್ನು ಡಾಕ್ಟರಿಗೆ ಹೇಳಿ. ಹೃದಯಕ್ಕೆಂದು ಆಸ್ಪಿರಿನ್ ಬರೆದುಕೊಟ್ಟಿದ್ದರೆ ನೀವೇ ನಿಲ್ಲಿಸಬೇಡಿ, ಕೇಳಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಆ ದಿನ ಹಾಲೂ ಬೇಡ, ಮಿರ್ಚಿಯ ಚರ್ಚೆಯೂ ಬೇಡ. ಸಿಕ್ಕ ಗಾಡಿ ಹತ್ತಿ ನೇರ ದೊಡ್ಡಾಸ್ಪತ್ರೆಗೆ ಹೋಗಿ.